ಬಹುಮಾನ ಕೊಡುವವರ ಕಸುಬೇನು?

ದನಗಳ ಜಾತ್ರೆಯಲ್ಲಿ ಒಳ್ಳೆಯ ಜೋಡಿಗೆ ಬಹುಮಾನ ಕೊಡುವುದನ್ನು ನಮ್ಮ ರೈತರು ನೋಡಿಯೇ ಇರುತ್ತಾರೆ. ಹಳ್ಳಿಕಾರ್ ಹೋರಿಗಳನ್ನು ಸಾಲಾಗಿ ನಿಲ್ಲಿಸಿದಾಗ ತೀರ್ಪು ಹೇಳಲು ಬರುವವರು ಯಾರು? ಒಬ್ಬರು ಪಶುವೈದ್ಯರು, ಇನ್ನೊಬ್ಬರು ಹತ್ತಾರು ಜೋಡಿ ಸಾಕಿ ಕೈ ಪಳಗಿದ ಹಿರಿಯ ರೈತರು. ಅವರು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಗೊರಸು ಮುಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಕೊಂಬಿನ ಬಣ್ಣ, ಕೊರಳಿನ ಗೆಜ್ಜೆ ನೋಡಿ ಬಹುಮಾನ ಕೊಟ್ಟರೆ ಸುತ್ತ ನಿಂತ ಜನರೇ ನಕ್ಕುಬಿಡುತ್ತಾರೆ.

ಪತ್ರಿಕೆಯ ಬರಹಗಳಿಗೂ ಇಂಥ ಬಹುಮಾನಗಳುಂಟು. ‘ಪ್ರಶಸ್ತಿ ಪಡೆದ ವರದಿ’ ಎಂದೊಡನೆ ಅದರ ಮಾತಿಗೆ ತೂಕ ಹೆಚ್ಚು. ಅಧಿಕಾರಿಗಳು ಅದನ್ನು ಓದುತ್ತಾರೆ, ಸಭೆಗಳಲ್ಲಿ ಅದನ್ನು ಎತ್ತಿ ಹೇಳುತ್ತಾರೆ. ಆದರೆ ಆ ಬಹುಮಾನವನ್ನು ತೀರ್ಮಾನಿಸಿದವರು ಯಾರು, ಅವರ ಕಸುಬೇನು, ವರದಿಯಲ್ಲಿರುವ ವಿಷಯವನ್ನು ಅವರು ಎಷ್ಟು ಬಲ್ಲರು ಎಂದು ಕೇಳುವವರು ಕಡಮೆ. ಹಾಗೆ ಕೇಳಬೇಕಾದುದು ಏಕೆಂಬುದನ್ನು ತಿಳಿಯಲು ಪ್ರಪಂಚದಲ್ಲೇ ಹೆಚ್ಚು ಹೆಸರಾದ ಒಂದು ಪತ್ರಿಕಾ ಪ್ರಶಸ್ತಿಯ ಕಥೆಯನ್ನು ಇಲ್ಲಿ ನೋಡೋಣ. ಅದು ಅಮೆರಿಕದ ಪುಲಿಟ್ಜರ್ ಪ್ರಶಸ್ತಿ. ದೂರದ ಮಾತಾದರೂ ಇದರಲ್ಲಿ ರೈತರ ಬಾಳಿಗೆ ಸೇರಿದ ಸಂಗತಿಗಳೇ ಹೆಚ್ಚಾಗಿವೆ.

ಪ್ರಶಸ್ತಿ ಹುಟ್ಟಿದ ಬಗೆ

ಜೋಸೆಫ್ ಪುಲಿಟ್ಜರ್ 1847ರಲ್ಲಿ ಹಂಗೆರಿಯಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಅಮೆರಿಕಕ್ಕೆ ವಲಸೆ ಹೋಗಿ, ಸೈನಿಕರಾಗಿ, ವರದಿಗಾರರಾಗಿ, ಕೊನೆಗೆ ದೊಡ್ಡ ಪತ್ರಿಕೆಗಳ ಮಾಲೀಕರಾದರು. 1911ರಲ್ಲಿ ತೀರಿಕೊಂಡಾಗ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ 20 ಲಕ್ಷ ಡಾಲರ್ ಬಿಟ್ಟುಹೋಗಿದ್ದರು. ಪತ್ರಿಕೋದ್ಯಮ ಕಲಿಸುವ ಒಂದು ಶಾಲೆ ತೆರೆಯಬೇಕು, ಹಣದ ನಾಲ್ಕನೆಯ ಒಂದು ಭಾಗ ಬಹುಮಾನಗಳಿಗೆ ಸಲ್ಲಬೇಕು ಎಂಬುದು ಅವರ ಉಯಿಲು. ಶಾಲೆ 1912ರಲ್ಲಿ ಆರಂಭವಾಯಿತು. ಮೊದಲ ಬಹುಮಾನಗಳನ್ನು 1917ರಲ್ಲಿ ಹಂಚಲಾಯಿತು.

ತೀರ್ಪು ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಪರಿಶೀಲನಾ ತಂಡಗಳದು. ಒಂದೊಂದು ವಿಭಾಗಕ್ಕೂ ಐದರಿಂದ ಏಳು ಮಂದಿಯ ಒಂದೊಂದು ತಂಡವಿರುತ್ತದೆ. ಇವರಲ್ಲಿ ಹೆಚ್ಚಿನವರು ಸಂಪಾದಕರು, ಅನುಭವಿ ವರದಿಗಾರರು, ಪತ್ರಿಕೋದ್ಯಮದ ಅಧ್ಯಾಪಕರು. ಬಂದ ಬರಹಗಳನ್ನೆಲ್ಲ ಓದಿ ಅವರು ಮೂರನ್ನು ಆರಿಸುತ್ತಾರೆ. ಆ ಮೂರರಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ಅವರು ಹೇಳುವಂತಿಲ್ಲ. ಎರಡನೆಯದು ಮಂಡಳಿಯ ಹಂತ. ಸುಮಾರು ಹದಿನೆಂಟು ಜನರ ಈ ಮಂಡಳಿಯೇ ಕೊನೆಯ ಮಾತು ಹೇಳುವುದು. ಮಂಡಳಿಯ ನಾಲ್ಕನೆಯ ಮೂರು ಪಾಲು ಸದಸ್ಯರು ಒಪ್ಪಿದರೆ, ತಂಡ ಆರಿಸದ ಬರಹಕ್ಕೂ ಬಹುಮಾನ ಕೊಡಬಹುದು, ಒಂದು ವಿಭಾಗದ ಬರಹವನ್ನು ಇನ್ನೊಂದಕ್ಕೂ ಸರಿಸಬಹುದು.

ಸದಸ್ಯರ ಅವಧಿ ಮೂರು ವರ್ಷ. ಮೂರು ಅವಧಿಗಿಂತ, ಎಂದರೆ ಒಂಬತ್ತು ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ಇರುವಂತಿಲ್ಲ. ಹೊಸ ಸದಸ್ಯರನ್ನು ಇದ್ದ ಸದಸ್ಯರೇ ಆರಿಸಿಕೊಳ್ಳುತ್ತಾರೆ. ತಮ್ಮ ಸ್ವಂತ ಪತ್ರಿಕೆಯ ಬರಹ ಚರ್ಚೆಗೆ ಬಂದಾಗ ಆ ಸದಸ್ಯರು ಕೋಣೆಯಿಂದ ಎದ್ದು ಹೊರಗೆ ಹೋಗಬೇಕೆಂಬ ನಿಯಮವೂ ಉಂಟು.

ನಿಯಮಗಳೆಲ್ಲ ಚೆನ್ನಾಗಿಯೇ ಇವೆ. ಆದರೆ ಬಹುಕಾಲ ಆ ಕುರ್ಚಿಗಳಲ್ಲಿ ಕುಳಿತವರು ಒಂದೇ ಬಗೆಯವರು. ಆರಂಭದ ದಶಕಗಳಲ್ಲಿ ಮಂಡಳಿಯಲ್ಲಿದ್ದವರು ಪತ್ರಿಕೆಗಳ ಮಾಲೀಕರು ಮತ್ತು ಸಂಪಾದಕರು. ಕೆಳಹಂತದ ಪರಿಶೀಲನೆ ಮಾಡುತ್ತಿದ್ದವರು ಅದೇ ಪತ್ರಿಕೋದ್ಯಮ ಶಾಲೆಯ ಅಧ್ಯಾಪಕರು. ಹೆಂಗಸರಾಗಲಿ, ಕರಿಯ ಜನಾಂಗದವರಾಗಲಿ ಮಂಡಳಿಗೆ ಬರಲು ಸುಮಾರು 1980ರವರೆಗೆ ಕಾಯಬೇಕಾಯಿತು. ಹಾಗೆ ಬಂದವರಲ್ಲಿ ಹ್ಯಾನಾ ಗ್ರೇ ಇತಿಹಾಸದ ಪ್ರಾಧ್ಯಾಪಕಿ, ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷೆ. ರೋಜರ್ ವಿಲ್ಕಿನ್ಸ್ ವಕೀಲಿ ಓದಿ ಸರ್ಕಾರದ ನ್ಯಾಯ ಇಲಾಖೆಯಲ್ಲಿ ಕೆಲಸ ಮಾಡಿ, ಆಮೇಲೆ ಪತ್ರಿಕೆಗೆ ಬಂದವರು.

ಬರಹ ಬಲ್ಲವರು ಬರಹವನ್ನು ಅಳೆಯುವುದು ಸರಿಯೇ. ಭಾಷೆ ಹೇಗಿದೆ, ಜೋಡಣೆ ಹೇಗಿದೆ, ಎಷ್ಟು ಶ್ರಮಪಟ್ಟು ಬರೆದಿದ್ದಾರೆ ಎಂಬುದು ಅವರಿಗೆ ಒಂದು ನೋಟಕ್ಕೇ ತಿಳಿಯುತ್ತದೆ. ಬರೆದದ್ದು ನಿಜವೇ ಎಂಬುದು ಬೇರೆ ಪ್ರಶ್ನೆ. ಅಲ್ಲಿ ಕಸುಬಿನ ಜ್ಞಾನ ಸಾಲದು. ಇದಕ್ಕೆ ಎರಡು ಕಹಿ ನಿದರ್ಶನಗಳಿವೆ.

ಕಾಳಿಲ್ಲದ ಕಣಜದ ವರದಿ

1932ರಲ್ಲಿ ವಿದೇಶ ವರದಿಗಾರಿಕೆಯ ಬಹುಮಾನ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಾಲ್ಟರ್ ಡ್ಯುರಾಂಟಿ ಅವರಿಗೆ ಸಂದಿತು. ಅವರು ಮಾಸ್ಕೋದಲ್ಲಿ ನೆಲೆಸಿ ಸೋವಿಯತ್ ರಷ್ಯದ ಸುದ್ದಿ ಕಳುಹಿಸುತ್ತಿದ್ದರು. ಪಂಚವಾರ್ಷಿಕ ಯೋಜನೆ ಮೊದಲಾದ ವಿಷಯಗಳ ಮೇಲೆ 1931ರಲ್ಲಿ ಬರೆದ 13 ಲೇಖನಗಳಿಗೆ ಈ ಬಹುಮಾನ.

ಆ ಯೋಜನೆಯ ಭಾರವೆಲ್ಲ ಬಿದ್ದದ್ದು ರೈತರ ಹೆಗಲ ಮೇಲೆ. 1929ರಿಂದ ಅವರ ಹೊಲ, ದನ, ನೇಗಿಲುಗಳನ್ನು ಸಾಮೂಹಿಕ ಬೇಸಾಯಕ್ಕೆ ಬಲವಂತದಿಂದ ಸೇರಿಸಲಾಯಿತು. ಒಪ್ಪದವರನ್ನು ಊರುಬಿಡಿಸಿದರು. ಅನೇಕರು ದನಗಳನ್ನು ಒಪ್ಪಿಸುವ ಬದಲು ಕಡಿದುಹಾಕಿದರು. ಬೆಳೆದ ಧಾನ್ಯವನ್ನು ಸರ್ಕಾರ ಲೆವಿಯಾಗಿ ಹೊತ್ತೊಯ್ದಿತು, ಬಿತ್ತನೆಯ ಕಾಳನ್ನೂ ಬಿಡಲಿಲ್ಲ. 1932-33ರಲ್ಲಿ ಘೋರ ಕ್ಷಾಮ ಬಂತು. ಗೋಧಿಯ ನಾಡೆನಿಸಿದ ಉಕ್ರೇನಿನಲ್ಲಿಯೇ ಮೂವತ್ತು ಲಕ್ಷಕ್ಕೂ ಮಿಕ್ಕಿ ಜನ ಸತ್ತರೆಂಬುದು ಇತಿಹಾಸಕಾರರ ಲೆಕ್ಕ.

ಈ ಸುದ್ದಿಯನ್ನು ತನ್ನ ಹೆಸರು ಹಾಕಿ ಹೊರಜಗತ್ತಿಗೆ ಹೇಳಿದವರಲ್ಲಿ ಮೊದಲಿಗರು ಗ್ಯಾರೆತ್ ಜೋನ್ಸ್ ಎಂಬ ವೇಲ್ಸ್ ನಾಡಿನ ಯುವಕ. 1933ರ ಮಾರ್ಚಿಯಲ್ಲಿ ಅವರು ಖಾರ್ಕಿವ್ ಕಡೆಯ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿದರು. ಅವರಿಗೆ ರಷ್ಯನ್ ಭಾಷೆ ಚೆನ್ನಾಗಿ ಬರುತ್ತಿತ್ತು. ಅವರ ತಾಯಿ ಮದುವೆಗೆ ಮುಂಚೆ ಆ ಸೀಮೆಯಲ್ಲೇ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಹೀಗಾಗಿ ರೈತರ ಗುಡಿಸಲಿಗೆ ಹೋಗಿ, ನೆಲದ ಮೇಲೆ ಮಲಗಿ, ಅವರ ಮಾತಿನಲ್ಲೇ ಮಾತಾಡಿ, ಮನೆಯಲ್ಲಿ ಕಾಳಿಲ್ಲವೆಂಬುದನ್ನು ಕಣ್ಣಾರೆ ಕಂಡು ಬಂದರು. ತಿಂಗಳ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಅದನ್ನು ಪತ್ರಿಕೆಗಳಿಗೆ ತಿಳಿಸಿದರು. ಎರಡೇ ದಿನದಲ್ಲಿ ಡ್ಯುರಾಂಟಿ ಅದನ್ನು ಅಲ್ಲಗಳೆದು ಬರೆದರು. ಆಹಾರದ ಅಭಾವವಿದೆಯೇ ಹೊರತು ಜನ ಹಸಿವಿನಿಂದ ಸಾಯುತ್ತಿಲ್ಲ ಎಂಬುದು ಅವರ ವಾದ. ಬಹುಮಾನ ಪಡೆದವರ ಮಾತಿಗೆ ಬೆಲೆ ಬಂತು. ಹಳ್ಳಿ ಸುತ್ತಿ ಬಂದ ಯುವಕನ ಮಾತು ಬದಿಗೆ ಸರಿಯಿತು. ಜೋನ್ಸ್ 1935ರಲ್ಲಿ, ಮೂವತ್ತು ವರ್ಷ ತುಂಬುವ ಮುನ್ನವೇ, ಪೂರ್ವ ಏಷ್ಯದಲ್ಲಿ ಕೊಲೆಯಾದರು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ತೀರ್ಪುಗಾರರು ಬಹುಮಾನ ಕೊಟ್ಟದ್ದು 1931ರ ಲೇಖನಗಳಿಗೆ. ಮಹಾ ಕ್ಷಾಮ ಬಂದದ್ದು ಆಮೇಲೆ. 2003ರಲ್ಲಿ ಈ ಬಹುಮಾನವನ್ನು ಹಿಂತೆಗೆದುಕೊಳ್ಳಬೇಕೆಂಬ ಒತ್ತಾಯ ಬಂದಾಗ ಮಂಡಳಿ ಈ ಕಾರಣವನ್ನೇ ನೋಡಿತು. ಆ 13 ಲೇಖನಗಳಲ್ಲಿ ಬೇಕೆಂದೇ ಮೋಸ ಮಾಡಿದ್ದಕ್ಕೆ ಸ್ಪಷ್ಟ ಸಾಕ್ಷ್ಯವಿಲ್ಲವೆಂದು ಹೇಳಿ ಬಹುಮಾನವನ್ನು ಹಾಗೆಯೇ ಬಿಟ್ಟಿತು. ಆದರೆ ಅದೇ ಸಮಯದಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಕೇಳಿಕೊಂಡ ಮೇರೆಗೆ ಲೇಖನಗಳನ್ನು ಓದಿದವರು ಮಾರ್ಕ್ ಫಾನ್ ಹೇಗನ್ ಎಂಬ ಪ್ರಾಧ್ಯಾಪಕರು. ಅವರ ಕಸುಬು ರಷ್ಯ ಮತ್ತು ಉಕ್ರೇನಿನ ಇತಿಹಾಸ. ಈ ಬರಹಗಳು ಸರ್ಕಾರ ಹೇಳಿದ್ದನ್ನು ಪ್ರಶ್ನೆ ಮಾಡದೆ ಒಪ್ಪಿಕೊಂಡಿವೆ ಎಂದು ಅವರು ಟೀಕಿಸಿದರು. 1932ರಲ್ಲಿ ಸಂಪಾದಕರಿಗೆ ಒಳ್ಳೆಯದಾಗಿ ಕಂಡ ಬರಹವೇ ಆ ನಾಡನ್ನು ಬಲ್ಲವರ ಕಣ್ಣಿಗೆ ಬೀಳುತ್ತಲೇ ಬಡವಾಗಿ ಕಂಡಿತು. ಹೊಲದ ದಣಿಯ ಮಾತನ್ನೇ ಕೇಳಿ ಕೂಲಿಯವರ ಸ್ಥಿತಿ ಬರೆದಂತಾಗಿತ್ತು ಅದು.

ಇಲ್ಲದ ಹುಡುಗನಿಗೆ ಬಂದ ಬಹುಮಾನ

ಎರಡನೆಯ ಪ್ರಸಂಗ 1981ರದು. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ಜಾನೆಟ್ ಕುಕ್ ಎಂಬ ವರದಿಗಾರ್ತಿ ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನೊಬ್ಬನ ಕಥೆಯನ್ನು 1980ರ ಸೆಪ್ಟೆಂಬರ್ ಕೊನೆಯಲ್ಲಿ ಬರೆದಿದ್ದರು. ಓದಿದ ಜನ ಮರುಗಿದರು. ನಗರದ ಪೊಲೀಸರು ಬೀದಿ ಬೀದಿ ಹುಡುಕಿದರು. ಹುಡುಗ ಸಿಗಲಿಲ್ಲ. ಆದರೂ ಬರಹ ಪ್ರಶಸ್ತಿಗೆ ಹೋಯಿತು.

ಸ್ಥಳೀಯ ಸುದ್ದಿಯ ವಿಭಾಗಕ್ಕೆ ಬಂದಿದ್ದ ಅದನ್ನು ಮಂಡಳಿಯವರು ನುಡಿಚಿತ್ರದ ವಿಭಾಗಕ್ಕೆ ಸರಿಸಿ ಬಹುಮಾನ ಕೊಟ್ಟರು. ನುಡಿಚಿತ್ರಗಳ ಪರಿಶೀಲನಾ ತಂಡ ಆ ಬರಹವನ್ನು ಓದಿಯೇ ಇರಲಿಲ್ಲ.

ಬಹುಮಾನ ಪಡೆದವರ ಪರಿಚಯ ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಯಿತು. ಜಾನೆಟ್ ಕುಕ್ ಮೊದಲು ಕೆಲಸ ಮಾಡಿದ್ದು ಓಹಾಯೋ ರಾಜ್ಯದ ‘ಟೊಲೀಡೋ ಬ್ಲೇಡ್’ ಎಂಬ ಪತ್ರಿಕೆಯಲ್ಲಿ. ಅಲ್ಲಿನವರು ಪರಿಚಯ ಓದಿ ಹುಬ್ಬೇರಿಸಿದರು. ಆಕೆ ಯಾವ ಕಾಲೇಜಿನಲ್ಲಿ ಪದವಿ ಪಡೆದವರೆಂಬುದು ಅವರಿಗೆ ಗೊತ್ತಿತ್ತು. ಅಚ್ಚಾದದ್ದು ಬೇರೆಯೇ ಇತ್ತು. ವಿಚಾರಣೆಯಾದಾಗ ಮೊದಲು ಓದಿನ ಸುಳ್ಳು ಬಯಲಾಯಿತು, ಆಮೇಲೆ ಹುಡುಗನ ಕಥೆಯೂ ಕಟ್ಟುಕಥೆಯೆಂದು ಆಕೆ ಒಪ್ಪಿಕೊಂಡರು. ಏಪ್ರಿಲ್ 13ರಂದು ಪ್ರಕಟವಾದ ಬಹುಮಾನ ಎರಡೇ ದಿನಕ್ಕೆ ವಾಪಸಾಯಿತು. ಅದು ‘ವಿಲೇಜ್ ವಾಯ್ಸ್’ ಪತ್ರಿಕೆಯ ತೆರೇಸಾ ಕಾರ್ಪೆಂಟರ್ ಅವರಿಗೆ ಸಂದಿತು.

ಇಲ್ಲಿ ನಾವು ಗಮನಿಸಬೇಕಾದದ್ದು ಒಂದುಂಟು. ಆ ಪತ್ರಿಕೆಯಲ್ಲಿ ಈ ಬರಹದ ಮೇಲ್ವಿಚಾರಣೆ ನೋಡಿದ ಸಂಪಾದಕರಲ್ಲಿ ಬಾಬ್ ವುಡ್‌ವರ್ಡ್ ಒಬ್ಬರು. ವಾಟರ್‌ಗೇಟ್ ಹಗರಣವನ್ನು ಬಯಲಿಗೆಳೆದು ಹೆಸರಾದವರು. ಅಂಥ ಪಳಗಿದವರೂ ಮೋಸ ಹೋದರು. ಮಂಡಳಿಯ ಹಿರಿಯ ಸಂಪಾದಕರು ದೊಡ್ಡ ಪತ್ರಿಕೆಯ ಹೆಸರನ್ನು ನಂಬಿದರು. ತಪ್ಪು ಹಿಡಿದವರು ಮಾತ್ರ ಆಕೆಯ ಜೊತೆ ಹಿಂದೆ ಕುಳಿತು ಕೆಲಸ ಮಾಡಿದವರು. ಅವರ ಬಳಿ ಇದ್ದದ್ದು ವಿಶೇಷ ಪಾಂಡಿತ್ಯವಲ್ಲ, ಹತ್ತಿರದ ಪರಿಚಯ.

ಬಸಿಗಾಲುವೆಯ ನೀರು, ಮೂರು ಸಾವಿರ ಪ್ರತಿಯ ಪತ್ರಿಕೆ

ತೀರ್ಪುಗಾರರು ಎಡವಿದ್ದನ್ನಷ್ಟೇ ಹೇಳಿದರೆ ಅರ್ಧ ಕಥೆಯಾದೀತು. ಅವರು ಸರಿಯಾದ ಕಡೆ ಕೈಯಿಟ್ಟ ಪ್ರಸಂಗವೂ ಇದೆ, ಅದು ನೇರವಾಗಿ ಬೇಸಾಯದ್ದೇ.

ಅಮೆರಿಕದ ಅಯೋವಾ ರಾಜ್ಯ ಮುಸುಕಿನ ಜೋಳ ಮತ್ತು ಸೋಯಾ ಅವರೆಯ ಸೀಮೆ. ಅಲ್ಲಿನ ಕಪ್ಪು ಭೂಮಿಯಲ್ಲಿ ನೀರು ನಿಲ್ಲುತ್ತದೆ. ನಮ್ಮ ಅಡಿಕೆ ತೋಟಗಳಲ್ಲಿ ಬಸಿಗಾಲುವೆ ತೆಗೆಯುವಂತೆ ಅಲ್ಲಿ ನೆಲದಡಿಯಲ್ಲಿ ಕೊಳವೆ ಹೂಳಿ ಹೆಚ್ಚಿನ ನೀರನ್ನು ಹಳ್ಳಕ್ಕೆ ಬಿಡುತ್ತಾರೆ. ಆ ನೀರಿನ ಜೊತೆ ಬೆಳೆ ಹೀರದೆ ಉಳಿದ ಸಾರಜನಕವೂ ನೈಟ್ರೇಟಾಗಿ ಹರಿದು ರಕೂನ್ ನದಿ ಸೇರುತ್ತದೆ. ನದಿಯ ಕೆಳಗಿರುವ ಡೆ ಮಾಯ್ನ್ ನಗರದಲ್ಲಿ ಸುಮಾರು ಐದು ಲಕ್ಷ ಜನರಿಗೆ ಇದೇ ಕುಡಿಯುವ ನೀರು. ಅಲ್ಲಿನ ಕಾನೂನಿನ ಪ್ರಕಾರ ಒಂದು ಲೀಟರಿನಲ್ಲಿ ನೈಟ್ರೇಟಿನ ಸಾರಜನಕ 10 ಮಿಲಿಗ್ರಾಂ ಮೀರಬಾರದು. ನಮ್ಮ ದೇಶದ ಮಿತಿಯನ್ನು ನೈಟ್ರೇಟಿನ ಪೂರ್ಣ ತೂಕದಲ್ಲಿ 45 ಮಿಲಿಗ್ರಾಂ ಎನ್ನುತ್ತಾರೆ. ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಮೆ ಒಂದೇ. ಮಿತಿ ಮೀರಿದ ನೀರು ಹಸುಳೆಗಳ ರಕ್ತಕ್ಕೆ ಕೇಡು. ನಮ್ಮ ರಾಜ್ಯದ ಅನೇಕ ಕಡೆ ಕೊಳವೆಬಾವಿಯ ನೀರಿನಲ್ಲೂ ಈ ತೊಂದರೆ ಕಂಡಿದೆ.

2015ರಲ್ಲಿ ಡೆ ಮಾಯ್ನ್ ನಗರದ ನೀರು ಸರಬರಾಜು ಸಂಸ್ಥೆ ನದಿಯ ಮೇಲಣ ಮೂರು ಕೌಂಟಿಗಳ, ನಮ್ಮ ಲೆಕ್ಕದಲ್ಲಿ ಮೂರು ತಾಲ್ಲೂಕುಗಳೆನ್ನೋಣ, ಬಸಿಗಾಲುವೆ ಆಡಳಿತದ ಮೇಲೆ ದಾವೆ ಹೂಡಿತು. ಆ ಮೂರರಲ್ಲಿ ಬ್ಯೂನ ವಿಸ್ಟ ಒಂದು. ಅಲ್ಲಿನ ಸ್ಟಾರ್ಮ್ ಲೇಕ್ ಎಂಬ ಊರಿನಲ್ಲಿ ‘ಸ್ಟಾರ್ಮ್ ಲೇಕ್ ಟೈಮ್ಸ್’ ಎಂಬ ಪುಟ್ಟ ಪತ್ರಿಕೆ ವಾರಕ್ಕೆರಡು ಬಾರಿ ಬರುತ್ತಿತ್ತು. ಪ್ರತಿಗಳು ಸುಮಾರು ಮೂರು ಸಾವಿರ. 1990ರಲ್ಲಿ ಅದನ್ನು ಆರಂಭಿಸಿದವರು ಜಾನ್ ಕಲನ್, ಸಂಪಾದಕರು ಅವರ ತಮ್ಮ ಆರ್ಟ್ ಕಲನ್. ಆರ್ಟ್ ಅವರ ಹೆಂಡತಿ ಮತ್ತು ಮಗ ಕೂಡ ಅದರಲ್ಲೇ ದುಡಿಯುತ್ತಿದ್ದರು. ಒಟ್ಟಿನಲ್ಲಿ ಮನೆಮಂದಿಯ ಪತ್ರಿಕೆ.

ಕೌಂಟಿಗಳ ಪರವಾಗಿ ವಕೀಲರಿಗೆ ಹಣ ಕೊಡುತ್ತಿರುವವರು ಯಾರು ಎಂಬ ಒಂದೇ ಪ್ರಶ್ನೆಯನ್ನು ಈ ಪತ್ರಿಕೆ ಬಿಡದೆ ಹಿಡಿಯಿತು. ಹಣ ಬರುತ್ತಿದ್ದುದು ಹೆಸರು ಹೇಳದ ದಾನಿಗಳ ನಿಧಿಯಿಂದ. ಅದರ ಹಿಂದೆ ಬೇಸಾಯದ ಸರಕು ಮಾರುವ ದೊಡ್ಡ ವ್ಯಾಪಾರ ಹಿತಗಳಿದ್ದವು. ಸಾರ್ವಜನಿಕ ಆಡಳಿತದ ಖರ್ಚಿನ ಲೆಕ್ಕ ಸಾರ್ವಜನಿಕರಿಗೆ ತಿಳಿಯಬೇಕು ಎಂದು ಆರ್ಟ್ ಕಲನ್ ಸಂಪಾದಕೀಯದ ಮೇಲೆ ಸಂಪಾದಕೀಯ ಬರೆದರು. ಬರೆದದ್ದು ತಮ್ಮದೇ ಊರಿನ ಆಡಳಿತದ ವಿರುದ್ಧ, ತಮ್ಮದೇ ಚಂದಾದಾರರಾದ ರೈತರಲ್ಲಿ ಹಲವರಿಗೆ ರುಚಿಸದ ವಿಷಯದ ಮೇಲೆ. ದಾವೆ 2017ರ ಮಾರ್ಚಿಯಲ್ಲಿ ನ್ಯಾಯಾಲಯದಲ್ಲಿ ವಜಾ ಆಯಿತು. ಮರುತಿಂಗಳು, ಏಪ್ರಿಲ್ 10ರಂದು, ಸಂಪಾದಕೀಯ ಬರಹದ ಪುಲಿಟ್ಜರ್ ಬಹುಮಾನ ಆರ್ಟ್ ಕಲನ್ ಅವರಿಗೆ ಬಂತು. ಮೊತ್ತ 15,000 ಡಾಲರ್. ಕೊನೆಯ ಸುತ್ತಿನಲ್ಲಿ ಎದುರಿಗಿದ್ದದ್ದು ‘ವಾಷಿಂಗ್ಟನ್ ಪೋಸ್ಟ್’, ‘ಹ್ಯೂಸ್ಟನ್ ಕ್ರಾನಿಕಲ್’ಗಳಂಥ ಮಹಾ ಪತ್ರಿಕೆಗಳು. ಸ್ಟಾರ್ಮ್ ಲೇಕಿನ ಪತ್ರಿಕೆ 2022ರಲ್ಲಿ ನೆರೆಯ ಪತ್ರಿಕೆಯನ್ನು ಕೂಡಿಸಿಕೊಂಡು ಹೆಸರಿಗೆ ‘ಪೈಲಟ್’ ಎಂದು ಸೇರಿಸಿಕೊಂಡಿತು.

2010ರ ದಶಕದ ಆ ಮಂಡಳಿ 1932ರ ಮಂಡಳಿಯಂತಿರಲಿಲ್ಲ. ಸಂಪಾದಕರು ಆಗಲೂ ಹೆಚ್ಚಾಗಿಯೇ ಇದ್ದರು. ಅವರ ಜೊತೆಗೆ ಕಾದಂಬರಿಕಾರ ಜೂನೋ ಡಿಯಾಸ್, ಇತಿಹಾಸಕಾರ ಸ್ಟೀವನ್ ಹಾನ್ ಮೊದಲಾದವರೂ ಕುಳಿತಿದ್ದರು. ಹಾನ್ ಅವರು ಜಾರ್ಜಿಯ ರಾಜ್ಯದ ಸಣ್ಣ ರೈತರು ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿಯ ಸಾಲಕ್ಕೆ ಹೇಗೆ ಸಿಕ್ಕಿಕೊಂಡರೆಂದು ಅಧ್ಯಯನ ಮಾಡಿದವರು. ಇಂಥವರಿದ್ದ ಕಾರಣದಿಂದಲೇ ಕಲನ್ ಅವರಿಗೆ ಬಹುಮಾನ ಬಂತೆಂದು ಹೇಳಲಾಗದು. ಮಂಡಳಿಯ ಚರ್ಚೆ ಹೊರಗೆ ಬರುವುದಿಲ್ಲ. ಆದರೆ ಬೇರೆ ಬೇರೆ ಕಸುಬಿನವರು ಒಂದೇ ಮೇಜಿನ ಸುತ್ತ ಕುಳಿತಾಗ ಒಬ್ಬರಿಗೆ ಹೊಳೆಯದ ಪ್ರಶ್ನೆ ಇನ್ನೊಬ್ಬರಿಗೆ ಹೊಳೆಯುವುದು ಸಹಜ. ಹಾಗಿದ್ದೂ ಅಲ್ಲಿ ಉಳುವವರೊಬ್ಬರು, ಮಣ್ಣುವಿಜ್ಞಾನಿಯೊಬ್ಬರು ಕುಳಿತ ವಾಡಿಕೆಯಿಲ್ಲ.

ನಮಗೇನು ಇದರಿಂದ?

ನಮ್ಮಲ್ಲೂ ಪತ್ರಿಕಾ ಪ್ರಶಸ್ತಿಗಳಿಗೆ ಕೊರತೆಯಿಲ್ಲ. ಸರ್ಕಾರದ ಅಕಾಡೆಮಿ ಕೊಡುತ್ತದೆ, ಸಂಘಗಳು ಕೊಡುತ್ತವೆ, ದತ್ತಿನಿಧಿಗಳಿವೆ. ಗ್ರಾಮೀಣ ವರದಿಗೆ, ಕೃಷಿ ವರದಿಗೆ ಬೇರೆಯಾಗಿ ಕೊಡುವುದೂ ಉಂಟು. ಇವು ಬೇಕು. ಹಳ್ಳಿಯ ಸುದ್ದಿ ಬರೆಯುವವರಿಗೆ ಸಿಗುವ ಪ್ರೋತ್ಸಾಹವೇ ಕಡಮೆ.

ಆದರೆ ಕೃಷಿ ವರದಿಯೊಂದು ತಪ್ಪಿದರೆ ನಷ್ಟ ಯಾರಿಗೆ? ವೆನಿಲಾದ ಕಾಲವನ್ನು ನೆನೆಯಿರಿ. 2003ರ ಸುಮಾರಿಗೆ ಹಸಿ ಕೋಡಿನ ಬೆಲೆ ಕಿಲೋಗೆ ಸಾವಿರಾರು ರೂಪಾಯಿಗೆ ಏರಿತ್ತು. ಮಡಗಾಸ್ಕರ್ ದ್ವೀಪದಲ್ಲಿ ಚಂಡಮಾರುತದಿಂದ ಬೆಳೆ ಹಾಳಾದದ್ದು ಅದಕ್ಕೆ ಒಂದು ಕಾರಣ. ಒಂದೊಂದು ಬಳ್ಳಿಯಿಂದ ಇಷ್ಟು ಸಾವಿರ ಎಂಬ ಯಶೋಗಾಥೆಗಳನ್ನು ಓದಿ ಮಲೆನಾಡು, ಕರಾವಳಿಯ ಎಷ್ಟೋ ಮಂದಿ ಸಾಲ ಮಾಡಿ ಬಳ್ಳಿ ನೆಟ್ಟರು. ಬಳ್ಳಿ ಹೂ ಬಿಡುವ ಹೊತ್ತಿಗೆ ಬೆಲೆ ಬಿದ್ದುಹೋಗಿತ್ತು. ಅಂಥ ಯಶೋಗಾಥೆಯನ್ನು ನಗರದ ತೀರ್ಪುಗಾರರು ಓದಿದರೆ ಬರಹದ ಸೊಗಸು ಮೆಚ್ಚಿಯಾರು. ತೋಟದವರು ಓದಿದರೆ, ಕೊಳ್ಳುವವರು ಯಾರು, ಎಷ್ಟು ವರ್ಷ ಕೊಂಡಾರು, ಬಳ್ಳಿ ಮಾರಿ ಬಂದ ಹಣವೆಷ್ಟು, ಕೋಡು ಮಾರಿ ಬಂದದ್ದೆಷ್ಟು ಎಂದು ಕೇಳುತ್ತಾರೆ. ಈ ಪ್ರಶ್ನೆ ಕೇಳುವವರೊಬ್ಬರು ತೀರ್ಪಿನ ಕುರ್ಚಿಯಲ್ಲಿ ಇರಲೇಬೇಕು.

ಪ್ರಶಸ್ತಿಯ ಸುದ್ದಿ ಬಂದಾಗ ವಾಚನಾಲಯದಲ್ಲಿ ಕುಳಿತು ನಾವು ವಿಚಾರಿಸಬಹುದಾದ ನಾಲ್ಕು ಮಾತುಗಳು ಇವು:

1. ತೀರ್ಪುಗಾರರ ಹೆಸರುಗಳ ಜೊತೆಗೆ ಅವರ ಕಸುಬನ್ನೂ ಪ್ರಕಟಿಸಿದ್ದಾರೆಯೇ?

2. ಎಲ್ಲರೂ ಒಂದೇ ಕಸುಬಿನವರೇ, ಅಥವಾ ವಿಷಯವನ್ನು ಬಾಳಿ ಬಲ್ಲವರೊಬ್ಬರಾದರೂ ಇದ್ದಾರೆಯೇ? ಕೃಷಿ ವರದಿಗಾದರೆ ಒಬ್ಬ ರೈತ ಅಥವಾ ರೈತ ಮಹಿಳೆ, ನೀರಾವರಿ ವರದಿಗಾದರೆ ನಾಲೆಯ ಕೊನೆಯ ಹೊಲದವರು.

3. ತಮ್ಮ ಪತ್ರಿಕೆಯ, ತಮ್ಮ ನಂಟರ ಬರಹ ಬಂದಾಗ ಎದ್ದು ಹೊರಹೋಗುವ ನಿಯಮವುಂಟೇ?

4. ತೀರ್ಪಿಗೆ ಮುನ್ನ ಆ ಊರಿಗೆ ಯಾರಾದರೂ ಹೋಗಿ, ವರದಿಯಲ್ಲಿ ಹೆಸರಿರುವವರನ್ನು ಕಂಡು ಬಂದರೇ?

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಜಾನೆಟ್ ಕುಕ್ ಅವರ ಹುಡುಗನನ್ನು ಒಬ್ಬರು ಹೋಗಿ ನೋಡಬೇಕೆಂದಿದ್ದರೆ ಸಾಕಾಗಿತ್ತು, ಬಹುಮಾನದ ತನಕ ಮಾತು ಬರುತ್ತಿರಲಿಲ್ಲ.

ಓದುಗರ ಪಾಲೂ ಇದರಲ್ಲುಂಟು. 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’ ಬೆಳೆಗಾರರ ಕೈಗೇ ಲೇಖನಿ ಕೊಟ್ಟು ಬರೆಯಿಸಿತು. ಬೆಳೆದವನೇ ಬರೆದಾಗ, ಅದನ್ನು ಬೆಳೆಯುವವರೇ ಓದಿದಾಗ, ಉತ್ಪ್ರೇಕ್ಷೆಗೆ ಎಡೆ ಕಡಮೆ. ತಪ್ಪಿದ್ದರೆ ಪಕ್ಕದೂರಿನವರೇ ಹೋಗಿ ನೋಡಿ ಬರುತ್ತಾರೆ. ಯಾವ ಪತ್ರಿಕೆಯಲ್ಲೇ ಆಗಲಿ, ನಿಮ್ಮ ಸೀಮೆಯ ಬೆಳೆ, ಬೆಲೆ, ನೀರಿನ ಬಗ್ಗೆ ಬಂದ ಮಾತು ನಿಮಗೆ ಗೊತ್ತಿರುವುದಕ್ಕೆ ತಾಳೆಯಾಗದಿದ್ದರೆ ಸಂಪಾದಕರಿಗೆ ಒಂದು ಕಾಗದ ಬರೆಯಿರಿ. ಊರು, ತಾರೀಖು, ನೀವು ಕಂಡದ್ದು, ಇಷ್ಟಿದ್ದರೆ ಸಾಕು. ಬೈಗುಳ ಬೇಡ, ಲೆಕ್ಕವಿರಲಿ. ಟೊಲೀಡೋ ಊರಿನವರು ಮಾಡಿದ್ದೂ ಇಷ್ಟೇ, ತಮಗೆ ಗೊತ್ತಿದ್ದದ್ದನ್ನು ಹೇಳಿದರು. ಈ ಪುಟದಲ್ಲಿ ಬರುವ ಲೇಖನಗಳಿಗೂ ಇದೇ ಮಾತು ಸಲ್ಲುತ್ತದೆ. ತಪ್ಪು ಕಂಡರೆ ತಿಳಿಸಿ, ಈ ಲೇಖನದಲ್ಲಿ ಕಂಡರೂ ಸರಿಯೇ.